ಮುಂಡಪ್ಪದ ಪೆಟ್ಟಿಗೆ

ಗುಂಪು: ತರವಾಡು ಮನೆ
ಭಾನುವಾರ ಬೆಳಿಗ್ಗೆ

ಕಾಪು ದೊಡ್ಡಪ್ಪ: ಎಚ್ಚರ! ವಿದೇಶಿ ಸೇಬು, ಕಿತ್ತಳೆಗೆ ಜೀವಂತ ರೋಗಾಣು ಸಿಂಪಡಿಸುತ್ತಾರೆ. ಹಣ್ಣು ತಿಂಗಳುಗಟ್ಟಲೆ ಕೊಳೆಯದ ಗುಟ್ಟು ಇದೇ. ಹತ್ತು ಮಂದಿಗೆ ತಲುಪಿಸಿ 🙏

ಸಣ್ಣತ್ತೆ: ಅಯ್ಯೋ ಅಣ್ಣ, ನಿನ್ನೆಯಷ್ಟೇ ಎರಡು ಕಿಲೋ ಸೇಬು ತಂದಿದ್ದೇನೆ.

ಸುರತ್ಕಲ್ ಭಾವ: ಬರೆದವರು ಯಾರು ಮಾವ? ಮೂಲ ಎಲ್ಲಿದೆ?

ಕಾಪು ದೊಡ್ಡಪ್ಪ: ಹಿರಿಯರ ಮಾತಿಗೂ ಮೂಲ ಕೇಳುವ ಕಾಲ ಬಂತು. ನಾವು ಕೇಳಿದವರಲ್ಲ.

ಮಣಿಪಾಲ ಅಕ್ಕ: ದೊಡ್ಡಪ್ಪ, ಅದು ರೋಗಾಣುವಲ್ಲ. ಕ್ಯಾಂಡಿಡಾ ಒಲಿಯೋಫಿಲಾ ಎಂಬ ಯೀಸ್ಟನ್ನು ಹಣ್ಣಿಗೆ ಹಾಕಲು ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿದೆ. ಸಿಪ್ಪೆ ತರಚಿದ ಜಾಗದಲ್ಲಿ ಪೆನಿಸಿಲಿಯಂ ಬೂಷ್ಟು ಹಿಡಿಯುತ್ತದೆ. ಅಲ್ಲಿ ಯೀಸ್ಟ್ ಮೊದಲೇ ಕುಳಿತು ಸಕ್ಕರೆ ತಿಂದರೆ ಬೂಷ್ಟಿಗೆ ಜಾಗವೂ ಇಲ್ಲ, ಊಟವೂ ಇಲ್ಲ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದ ಹಾಗೆ. ತಿಂಗಳುಗಟ್ಟಲೆ ಉಳಿಯುವುದು ಮುಖ್ಯವಾಗಿ ಶೀತಲಗೃಹದಿಂದ.

ಕಾಪು ದೊಡ್ಡಪ್ಪ: ಇಷ್ಟುದ್ದ ಯಾರು ಓದುತ್ತಾರೆ?

ಸುರತ್ಕಲ್ ಭಾವ: ನೀವು ಕಾಳುಮೆಣಸಿನ ಬುಡಕ್ಕೆ ಬೇವಿನ ಹಿಂಡಿಯಲ್ಲಿ ಬೆರೆಸಿ ಹಾಕುವ ಟ್ರೈಕೋಡರ್ಮಾ ಏನು? ಯೀಸ್ಟಿನ ಹಾಗೆ ಅದೂ ಶಿಲೀಂಧ್ರವೇ.

ಕಾಪು ದೊಡ್ಡಪ್ಪ: ಅದು ಬುಡಕ್ಕೆ. ಬಾಯಿಗಲ್ಲ.

ಮುಂಬೈ ಅಣ್ಣ: ಅಟ್ಟದ ಮೇಲೆ ಬೈಹುಲ್ಲಿನಲ್ಲಿ ಮುಂಡಪ್ಪ ಮಾವು ಹಣ್ಣಾಗುತ್ತಿದ್ದದ್ದು ನೆನಪಿದೆಯೇ? ಅಜ್ಜಿ ದಿನವೂ ಒಂದೊಂದನ್ನೇ ಮೂಸಿ, ಕಲೆ ಬಿದ್ದದ್ದನ್ನು ಬೇರೆ ಇಡುತ್ತಿದ್ದರು. ಆ ಕಲೆ ಬಿದ್ದದ್ದೇ ನನ್ನ ಪಾಲು.

ಸಣ್ಣತ್ತೆ: ಮುಂಡಪ್ಪ ಎಂದಾಗ ನೆನಪಾಯಿತು. ಕಳೆದ ವರ್ಷ ನಮಗೆ ಬಂದ ಪೆಟ್ಟಿಗೆಯಲ್ಲಿ ಅರ್ಧ ಬೂಷ್ಟೇ. ಆದರೂ ನಾನು ತುಟಿ ಬಿಚ್ಚಲಿಲ್ಲ.

ಸುರತ್ಕಲ್ ಭಾವ: ಗೃಹಪ್ರವೇಶದ ದಿನ ಊಟದ ಪಂಕ್ತಿಗೆಲ್ಲ ಕೇಳಿಸಿತಲ್ಲ ಅತ್ತೆ?

ಕಾಪು ದೊಡ್ಡಪ್ಪ: ನಾನು ಕೊಯ್ಯಿಸಿದ್ದರಲ್ಲಿ ಒಂದೂ ನೆಲ ಮುಟ್ಟಿರಲಿಲ್ಲ ತಂಗಿ. ಡಿಕ್ಕಿಯಲ್ಲಿ ಅದರ ಮೇಲೆ ತೆಂಗಿನಕಾಯಿ ಮೂಟೆ ಹೇರಿಕೊಂಡು ಬಂದವರನ್ನು ಕೇಳು.

ಸುರತ್ಕಲ್ ಭಾವ: ಹೇರಿಸಿದವರು ನೀವೇ ಮಾವ. ಮೂಲ ಬೇಕಾದರೆ ಫೋಟೊ ಇದೆ.

ಮಣಿಪಾಲ ಅಕ್ಕ: ನಾನು ಹೇಳಿದ್ದೂ ಅದೇ, ಗಾಯ! ಬೂಷ್ಟು ಒಳಹೊಕ್ಕ ಮೇಲೆ ಯೀಸ್ಟ್ ಹಾಕಿ ಹೆಚ್ಚು ಉಪಯೋಗವಿಲ್ಲ. ಕೊಯ್ದ ಕೂಡಲೇ ಹಾಕಬೇಕು.

ಕಾಪು ದೊಡ್ಡಪ್ಪ: ಈ ವರ್ಷ ಯಾರಿಗೂ ಪೆಟ್ಟಿಗೆ ಇಲ್ಲ. ಬೇಕಾದವರು ಬಂದು ಕೊಯ್ದುಕೊಂಡು ಹೋಗಿ.

ಮುಂಬೈ ಅಣ್ಣ: ನನಗೆ ಎರಡು ಡಜನ್ ತೆಗೆದಿಡಿ ದೊಡ್ಡಪ್ಪ. ಬೈಹುಲ್ಲು ಹಾಕಿಯೇ.

(ಒಂದು ಸಂದೇಶವನ್ನು ಅಳಿಸಲಾಗಿದೆ)

ಸುರತ್ಕಲ್ ಭಾವ: ಅಳಿಸಿದ್ದನ್ನು ನಾನು ಓದಿದ್ದೇನೆ ಮಾವ.

ಸಣ್ಣತ್ತೆ: ಆ ಸೇಬನ್ನು ಈಗ ತಿನ್ನುವುದೋ ಬಿಸಾಡುವುದೋ? ಯಾರಾದರೂ ಹೇಳಿ.