ಮುತ್ತಜ್ಜಿಯ ಚೌಕದಲ್ಲಿ ಇಬ್ಬರು

ಕಳೆದ ವಾರ ನಮ್ಮ ಗುಂಪಿನ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ಇದು ನನ್ನ ಉತ್ತರ. ತಡವಾಗಿದೆ, ಉದ್ದವೂ ಆಗಿದೆ, ಕ್ಷಮೆಯಿರಲಿ. ಮಗನ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದಾರೆ, ತಂದೆಯ ಕಡೆ ಏಳು ತಲೆಮಾರಿನ ಗಂಡಸರ ಹೆಸರು ಊರಿನಿಂದ ಒಂದೇ ದಿನದಲ್ಲಿ ಬಂತು, ಆದರೆ ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಏನು ಬರೆಯಲಿ ಎಂದು ಅವರು ಕೇಳಿದ್ದರು. ಯಾವುದಾದರೂ ದೇವಿಯ ಹೆಸರು ಬರೆದುಬಿಡಿ, ಇಲ್ಲಿನ ಟೀಚರಿಗೇನು ತಿಳಿಯುತ್ತದೆ ಎಂದು ಒಂದಿಬ್ಬರು ತಮಾಷೆ ಮಾಡಿದರು. ಎರಡು ವರ್ಷದ ಹಿಂದೆ ಇದೇ ಮನೆಪಾಠ ನಮ್ಮ ಮನೆಗೂ ಬಂದಿತ್ತು. ನಾನೂ ಹೆಚ್ಚುಕಡಿಮೆ ಅದನ್ನೇ ಮಾಡುವುದರಲ್ಲಿದ್ದೆ.

ಇಂಗ್ಲೆಂಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಪಾಠದಲ್ಲಿ ಮೊದಲು ಕಾಣುವುದು ಸಹಪಾಠಿಗಳ ಅನುಕೂಲ. 1921ರ ಇಲ್ಲಿನ ಜನಗಣತಿಯ ಮನೆವಾರು ಹಾಳೆಗಳು 2022ರಲ್ಲಿ ಸಾರ್ವಜನಿಕರಿಗೆ ತೆರೆದವು. ಮಗಳ ಗೆಳತಿಯೊಬ್ಬಳು ಒಂದು ಸಂಜೆಯಲ್ಲಿ ತನ್ನ ಮುತ್ತಜ್ಜಿಯ ವಯಸ್ಸು, ಹುಟ್ಟಿದ ಊರು, ಬೀದಿಯ ಹೆಸರು ಎಲ್ಲವನ್ನೂ ತೆಗೆದಳು. ನಮ್ಮಲ್ಲಿ ಆ ಕಾಲದ ಗಣತಿಯ ಅಂಕಿಅಂಶಗಳು ಪುಸ್ತಕಗಳಾಗಿ ಉಳಿದವೇ ಹೊರತು ಮನೆಮನೆಯ ಹಾಳೆಗಳು ಉಳಿಯಲಿಲ್ಲ. ಹಾಗೆಂದು ಇಲ್ಲಿನ ದಾಖಲೆಯನ್ನು ಕಂಡು ಕೀಳರಿಮೆ ಪಡಬೇಕಾಗಿಲ್ಲ. ಯುದ್ಧ ಶುರುವಾದಾಗ ಜನರನ್ನೆಲ್ಲ ಬರೆದುಕೊಂಡ 1939ರ ಇಲ್ಲಿನ ನೋಂದಣಿಯಲ್ಲಿ ಲಕ್ಷಾಂತರ ಗೃಹಿಣಿಯರ ಉದ್ಯೋಗದ ಕಲಮಿನಲ್ಲಿ ‘ಸಂಬಳವಿಲ್ಲದ ಮನೆಗೆಲಸ’ ಎಂಬ ಒಂದೇ ಮಾತಿದೆ. ಹೆಸರು ಸಿಕ್ಕ ಮಾತ್ರಕ್ಕೆ ಬದುಕು ಸಿಗುವುದಿಲ್ಲ.

ನಮ್ಮಲ್ಲಿ ಹೆಸರೇ ಸಿಗದಿರುವುದಕ್ಕೆ ಮರೆವು ಒಂದೇ ಕಾರಣವಲ್ಲ. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆ ಹೆಸರನ್ನೇ ಮೊಮ್ಮಗಳಿಗೆ ಇಟ್ಟಾಗ ಮಗುವನ್ನು ಅಮ್ಮಣ್ಣಿ, ಪುಟ್ಟಿ, ತಂಗಿ ಎಂದು ಕರೆಯುತ್ತಿದ್ದರು, ಕರೆಯುವ ಹೆಸರೇ ಕೊನೆಯವರೆಗೂ ನಿಲ್ಲುತ್ತಿತ್ತು. ಕೆಲವು ಸಮುದಾಯಗಳಲ್ಲಿ ಮದುವೆಯ ದಿನವೇ ಹೆಣ್ಣಿಗೆ ಹೊಸ ಹೆಸರು ಇಡುತ್ತಿದ್ದುದರಿಂದ ತವರಿನವರಿಗೆ ಒಬ್ಬಳು, ಗಂಡನ ಮನೆಯವರಿಗೆ ಇನ್ನೊಬ್ಬಳು. ಉಳಿದವರೆಲ್ಲ ಊರಿನ ಹೆಸರಿನಲ್ಲಿ ಕರಗಿಹೋದರು: ಶಿರಸಿ ದೊಡ್ಡಮ್ಮ, ಹೊಸಹಳ್ಳಿ ಅತ್ತೆ. ಉತ್ತರ ಕರ್ನಾಟಕದ ಒಡಪುಗಳಲ್ಲಿ ಗಂಡನ ಹೆಸರನ್ನು ಪ್ರಾಸಕ್ಕೆ ಸೇರಿಸಿ ಎಷ್ಟು ಚೆಂದವಾಗಿ ಉಳಿಸಿದ್ದಾರೆ ನೋಡಿ. ಹೇಳಿದವಳ ಹೆಸರು ಅದರಲ್ಲಿ ಇಲ್ಲ. ಸರ್ಕಾರವೂ ಒಮ್ಮೆ ಈ ಗೋಡೆಗೆ ಮುಖಾಮುಖಿಯಾಯಿತು. 1951–52ರ ಮೊದಲ ಮಹಾಚುನಾವಣೆಯಲ್ಲಿ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು, ನಿಜ. ಆದರೆ ಆ ಸಂಕೋಚ ನಮಗೆ ಅಪರಿಚಿತವಾದದ್ದೇನೂ ಅಲ್ಲ.

ಇನ್ನು ನಮ್ಮ ಮನೆಯ ವಿಷಯ. ನಮ್ಮದು ಸಾಗರದ ಕಡೆಯ ಊರು. ನನ್ನ ತಂದೆಯ ಅಜ್ಜಿಯನ್ನು ಇಡೀ ಊರು ಪುಟ್ಟಜ್ಜಿ ಎಂದೇ ಕರೆಯುತ್ತಿತ್ತು. ನಾನು ಹುಟ್ಟುವ ಮೊದಲೇ ತೀರಿಕೊಂಡವರು, ಫೋಟೋ ಒಂದೇ ಒಂದಿದೆ. ಮಗಳ ಹಾಳೆಯಲ್ಲಿ ಮುತ್ತಜ್ಜಿಗೂ ಹಿಂದಿನ ಆ ಚೌಕಕ್ಕೆ ಹೆಸರು ಬೇಕೆಂದು ತಂದೆಗೆ ಫೋನ್ ಮಾಡಿದಾಗ ಅವರಿಗೂ ಹೊಳೆಯಲಿಲ್ಲ. ಮಾರನೆಯ ದಿನ ಅವರು ಅಜ್ಜ ಬರೆದಿಟ್ಟಿದ್ದ ತರ್ಪಣದ ಪುಸ್ತಕವನ್ನು ತೆಗೆದು ಫೋಟೋ ಕಳುಹಿಸಿದರು. ತರ್ಪಣ ಬಿಡುವ ಪದ್ಧತಿಯುಳ್ಳ ಮನೆಗಳವರು ಈ ಪುಸ್ತಕವನ್ನು ಮೊದಲು ಹುಡುಕಬೇಕೆಂದು ನನ್ನ ಸಲಹೆ. ಅಪ್ಪ, ಅಜ್ಜ, ಮುತ್ತಜ್ಜರ ಜೊತೆಗೆ ತಾಯಿ, ತಂದೆಯ ತಾಯಿ, ಅವರ ಅತ್ತೆ, ಆಮೇಲೆ ತಾಯಿಯ ತವರಿನ ಮೂರು ತಲೆಮಾರಿನ ಹೆಂಗಸರು, ಹೀಗೆ ಕನಿಷ್ಠ ಆರು ಸ್ತ್ರೀಯರ ಹೆಸರುಗಳನ್ನು ಆ ಮಂತ್ರವೇ ಕೇಳುತ್ತದೆ. ಗೋತ್ರ ಮಾತ್ರ ಗಂಡನ ಮನೆಯದು. ಹುಟ್ಟಿದ ಮನೆಯ ದಾರಿ ಅಲ್ಲಿಗೆ ಮುಚ್ಚುತ್ತದೆ.

ಆ ಫೋಟೋದಲ್ಲಿ ಅಜ್ಜನ ತಾಯಿಯ ಹೆಸರು ಸ್ಪಷ್ಟವಾಗಿತ್ತು, ವಾರ್ಷಿಕ ಶ್ರಾದ್ಧದ ತಿಥಿಯೂ ಇತ್ತು: ಕಾಳಯುಕ್ತಿ ಸಂವತ್ಸರ, ಆಶ್ವಯುಜ ಬಹುಳ. ಆದರೆ ನಾಲ್ಕು ಸಾಲಿನ ಕೆಳಗೆ, ಬೇರೆ ಶಾಯಿಯಲ್ಲಿ, ‘ಸಾಪತ್ನ ಮಾತಾ’ ಎಂದು ಬರೆದು ಇನ್ನೊಂದು ಹೆಸರಿತ್ತು. ತಂದೆ ಪ್ರತಿ ಮಹಾಲಯ ಪಕ್ಷದಲ್ಲೂ ಆ ಪುಸ್ತಕ ನೋಡಿಕೊಂಡೇ ಎಳ್ಳುನೀರು ಬಿಡುತ್ತಿದ್ದವರು; ಸಂಸ್ಕೃತದಲ್ಲಿ ಹೇಳಿದ್ದು ಕನ್ನಡದಲ್ಲಿ ಏನೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸಾಪತ್ನ ಮಾತೆ ಎಂದರೆ ಮಲತಾಯಿ.

ಅರವತ್ತು ಸಂವತ್ಸರಗಳ ಚಕ್ರವನ್ನು ಹಿಂದಕ್ಕೆ ಎಣಿಸಿದರೆ ಕಾಳಯುಕ್ತಿ ಬರುವುದು 1918ರ ಯುಗಾದಿಯಿಂದ. ಆ ಆಶ್ವಯುಜ ಎಂದರೆ ಅಕ್ಟೋಬರ್, ಇನ್‌ಫ್ಲುಯೆಂಜಾ ಅತಿ ಭೀಕರವಾಗಿದ್ದ ವಾರಗಳು. (ಜಾತಕದ ಕಟ್ಟು ಇರುವವರು ಈ ಲೆಕ್ಕವನ್ನು ಅವಶ್ಯ ಕಲಿಯಿರಿ, ಆದರೆ ಯುಗಾದಿಗೆ ಮುಂಚಿನ ತಿಂಗಳುಗಳಲ್ಲಿ ಒಂದು ವರ್ಷ ತಪ್ಪಿಹೋಗುತ್ತದೆ. ಪ್ಲೇಗು ಬೆಂಗಳೂರಿಗೆ ಬಂದ 1898 ವಿಳಂಬಿ ಸಂವತ್ಸರ. ಹಳೆಯ ಮೈಸೂರಿನ ಬಹಳ ಮನೆಗಳ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.) ನನ್ನ ಅಜ್ಜ ಹುಟ್ಟಿದ್ದು ಅದೇ ಕಾಳಯುಕ್ತಿಯ ಶ್ರಾವಣದಲ್ಲಿ. ಅಂದರೆ ತಾಯಿ ಹೋದಾಗ ಅವರಿಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಇಷ್ಟಾದ ಮೇಲೆ ನನ್ನ ಸೋದರತ್ತೆಗೆ ಫೋನ್ ಮಾಡಿದೆ. ಎಂಬತ್ತೈದು ದಾಟಿದವರು, ಕಿವಿ ಮಂದ, ನೆನಪು ಚುರುಕು. ಮನೆಯ ವಂಶಾವಳಿಯನ್ನು ಚೆಂದವಾಗಿ ಟೈಪ್ ಮಾಡಿಸಿ ಚೌಕಟ್ಟು ಹಾಕಿಸಿದ ದೊಡ್ಡಪ್ಪನನ್ನು ಎಲ್ಲರೂ ಕೇಳುತ್ತಾರೆ, ಅತ್ತೆಯನ್ನು ಯಾರೂ ಕೇಳಿರಲಿಲ್ಲ. ಹೆಸರೇನು ಎಂದು ಕೇಳಿದರೆ ಅವರೂ ನಿಂತುಹೋಗುತ್ತಿದ್ದರು. ಬಾಣಂತನ ಯಾರು ಮಾಡಿದರು ಎಂದು ಕೇಳಿದಾಗ ಒಂದೂವರೆ ಗಂಟೆ ಮಾತಾಡಿದರು. ಅವರು ಹೇಳಿದ ಪ್ರಕಾರ ಮೊದಲ ಹೆಂಡತಿ ಜ್ವರದಲ್ಲಿ ಹೋದ ಮರುವರ್ಷ, ಸಿದ್ಧಾರ್ಥಿಯಲ್ಲಿ, ಗೇರುಸೊಪ್ಪೆ ಘಟ್ಟದ ಕೆಳಗಿನಿಂದ ಹನ್ನೆರಡು ವರ್ಷದ ಹುಡುಗಿಯನ್ನು ಮದುವೆ ಮಾಡಿ ತಂದರು. ಸೊಂಟದ ಮೇಲೆ ಮಗು ಹೊತ್ತುಕೊಂಡು ನಿಂತರೆ ಮಗುವೇ ದೊಡ್ಡದಾಗಿ ಕಾಣುತ್ತಿತ್ತಂತೆ, ಅದಕ್ಕೇ ಪುಟ್ಟಿ. ಪುಟ್ಟಿ ಮುಂದೆ ಪುಟ್ಟಜ್ಜಿಯಾದಳು. ನಾವೆಲ್ಲ ಒಬ್ಬರೆಂದು ತಿಳಿದಿದ್ದ ಅಜ್ಜಿ ಇಬ್ಬರಾಗಿದ್ದರು. ಅಜ್ಜನನ್ನು ಹೆತ್ತವಳ ಮುಖ ಯಾರ ನೆನಪಿನಲ್ಲೂ ಉಳಿದಿರಲಿಲ್ಲ, ಸಾಕಿದವಳ ಹೆಸರನ್ನು ಯಾರೂ ಬಳಸಿರಲಿಲ್ಲ.

ಹೆತ್ತವಳ ಒಂದು ವಸ್ತು ಮಾತ್ರ ಉಳಿದಿದೆ. ನಮ್ಮ ಮನೆಯಲ್ಲಿ ಹಬ್ಬದ ಪಾಯಸಕ್ಕೆ ಇಳಿಸುವ ದೊಡ್ಡ ಹಿತ್ತಾಳೆ ತಪ್ಪಲೆಯ ಕಂಠದ ಕೆಳಗೆ ಚುಕ್ಕಿಚುಕ್ಕಿಯಾಗಿ ಹೊಡೆದ ಮೂರು ಅಕ್ಷರ ಮತ್ತು 1916 ಎಂಬ ವರ್ಷವಿದೆ. ಅದು ಅಂಗಡಿಯವನ ಗುರುತು ಎಂದು ನಾವು ನಂಬಿದ್ದೆವು. ತವರಿನವರು ಮದುವೆಯಲ್ಲಿ ಕೊಟ್ಟ ಪಾತ್ರೆಗೆ ಹೆಸರು ಹಾಕಿಸುವುದು ವಾಡಿಕೆ ಎಂದು ಅತ್ತೆ ನೆನಪಿಸಿದರು. ಅಕ್ಷರಗಳು ಅವಳ ತಂದೆಯ ಮತ್ತು ಊರಿನ ಮೊದಲಕ್ಷರಗಳು. ಪುಟ್ಟಜ್ಜಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ತಪ್ಪಲೆಯನ್ನು ಹುಣಸೆಹಣ್ಣು ಹಾಕಿ ಬೆಳಗಿದರು. ಆ ಅಕ್ಷರಗಳು ಏನೆಂದು ಅವರಿಗೆ ಗೊತ್ತಿತ್ತೇ ಎಂದು ಕೇಳಿದ್ದಕ್ಕೆ ಅತ್ತೆ ಉತ್ತರ ಕೊಡಲಿಲ್ಲ.

ಎಲ್ಲರ ಮನೆಯಲ್ಲೂ ತರ್ಪಣದ ಪುಸ್ತಕ ಇರುವುದಿಲ್ಲ, ಅದು ನನಗೆ ಗೊತ್ತು. ಬೈಲಹೊಂಗಲ ಕಡೆಯ ನಮ್ಮ ಸದಸ್ಯರೊಬ್ಬರು ಹೆಳವರ ಬಗ್ಗೆ ಬರೆದಿದ್ದರು. ಮನೆಮನೆಗೆ ಬಂದು ವಂಶಾವಳಿ ಓದಿ ಕಾಳುಕಡಿ ಪಡೆಯುವ ಅವರು ಈ ಬಾರಿ ಬಂದಾಗ, ಗಂಡಸರ ಸಾಲು ಮುಗಿದ ಮೇಲೆ ಸೊಸೆಯರು ಯಾವ ಊರಿಂದ ಬಂದವರೆಂದು ಕೇಳಿಸಿ ನೋಡಬಹುದು. ಹಿರಿಯರ ಹಬ್ಬಕ್ಕೆ ಎಡೆ ಇಡುವ ಮನೆಗಳಲ್ಲಿ ಸೀರೆ, ಬಳೆ ಯಾರ ಹೆಸರಿಗೆ ಇಡುತ್ತಾರೆಂದು ಕೇಳಿ. ಪಾಲುಪಟ್ಟಿಗಳಲ್ಲಿ ಜೀವನಾಂಶ ಪಡೆದ ವಿಧವೆಯರ ಹೆಸರು, ಹೆಬ್ಬೆಟ್ಟಿನ ಗುರುತು ಇರುತ್ತದೆ. ಹಳೆಯ ಮೈಸೂರು ಸಂಸ್ಥಾನದವರಾದರೆ 1933ರ ಮಹಿಳಾ ಹಕ್ಕುಗಳ ಕಾಯ್ದೆಯ ನಂತರದ ಪತ್ರಗಳನ್ನು ವಿಶೇಷವಾಗಿ ನೋಡಿ. ಹಸೆಗೆ, ಆರತಿಗೆ ಹೇಳುವ ಹಾಡಿನ ಪುಸ್ತಕಗಳ ಮೊದಲ ಪುಟವನ್ನು ಬಿಡಬೇಡಿ, ಬರೆದುಕೊಂಡವಳು ತನ್ನ ಹೆಸರು ಹಾಕಿರುವ ಒಂದೇ ಜಾಗ ಅದಾಗಿರಬಹುದು.

ವಂಶವನ್ನು ತಾಯಿಯ ಕಡೆಯಿಂದ ಎಣಿಸುವ ತುಳುನಾಡಿನ ಅಳಿಯಸಂತಾನದ ಮನೆಗಳವರಿಗೆ ಈ ಕಷ್ಟ ಇಷ್ಟಿಲ್ಲ. ಬಂಟರ ಮನೆತನದ ಗೆಳತಿಯೊಬ್ಬಳು ತನ್ನ ಕುಟುಂಬದ ಹಳೆಯ ಪಾಲಿನ ದಾವೆಯ ಕಾಗದ ತೋರಿಸಿದಳು. ಅದರ ವಂಶವೃಕ್ಷದ ತುದಿಯಲ್ಲಿ ಇದ್ದದ್ದು ಒಬ್ಬಳು ಹೆಂಗಸು, ಕವಲು ಒಡೆದದ್ದೆಲ್ಲ ಅವಳ ಹೆಣ್ಣುಮಕ್ಕಳಿಂದ. 1949ರ ಅಳಿಯಸಂತಾನ ಕಾಯ್ದೆ ‘ಕವರು’, ಅಂದರೆ ಕುಟುಂಬದ ಕವಲು, ಎಂಬುದನ್ನು ಹೆಣ್ಣಿನಿಂದಲೇ ಎಣಿಸುತ್ತದೆ. ಅಲ್ಲಿ ಮರೆತುಹೋದವರು ಮದುವೆಯಾಗಿ ಬಂದ ಗಂಡಸರು! ನನ್ನ ಮಗಳಿಗೆ ಇದು ಅತ್ಯಂತ ಖುಷಿ ಕೊಟ್ಟ ಸಂಗತಿ.

ಮಕ್ಕಳಿಗೆ ಎಷ್ಟು ಹೇಳಬೇಕು ಎಂಬುದರ ಬಗ್ಗೆ ಇಲ್ಲಿ ಭಿನ್ನಾಭಿಪ್ರಾಯವಿದೆ. ಬಾಲ್ಯವಿವಾಹ, ಎರಡನೆಯ ಹೆಂಡತಿ, ತಲೆಬೋಳಿಸಿದ ವಿಧವೆ, ಇವನ್ನೆಲ್ಲ ಹೇಳಿದರೆ ಮಗು ತರಗತಿಯಲ್ಲಿ ನಗೆಪಾಟಲಿಗೆ ಈಡಾಗುತ್ತದೆ ಎಂದು ಹಿರಿಯರೊಬ್ಬರು ಬರೆದಿದ್ದರು. ಅವರ ಆತಂಕವನ್ನು ನಾನು ಹಗುರವಾಗಿ ನೋಡುವುದಿಲ್ಲ, ಆದರೆ ಶಾಲೆಯ ಗೋಡೆಗೆ ಅಂಟಿಸುವ ಹಾಳೆ ಬೇರೆ, ಮನೆಯಲ್ಲಿ ಹೇಳುವ ಮಾತು ಬೇರೆ. ನನ್ನ ಮಗಳಿಗೆ ಆಗ ಹತ್ತು ವರ್ಷ. ಹನ್ನೆರಡು ಎಂದ ಕೂಡಲೇ ತನಗಿಂತ ಎರಡೇ ವರ್ಷ ದೊಡ್ಡವಳಾ ಎಂದು ಕೇಳಿ ಸುಮ್ಮನಾದಳು. ಮೈಸೂರಿನಲ್ಲಿ 1894ರ ಕಾನೂನು ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು, ಮತ್ತು ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯರನ್ನು ಮದುವೆಯಾಗುವುದನ್ನು ಮಾತ್ರ, ಹಾಗಾಗಿ ಆ ಮದುವೆ ಅಂದಿನ ಲೆಕ್ಕದಲ್ಲಿ ಕಾನೂನುಬದ್ಧವೇ ಎಂದು ವಿವರಿಸಿದೆ. ಈ ದೇಶದ ಹೆಂಗಸರಿಗೂ ಗಂಡಸರಿಗೆ ಸಮನಾದ ಮತದಾನದ ಹಕ್ಕು ಬಂದದ್ದು 1928ರಲ್ಲಿ ಎಂದೂ ಹೇಳಿದೆ; ಅದು ಸಮಜಾಯಿಷಿಯಂತೆ ಕೇಳಿಸಿತೋ ಏನೋ, ಅವಳು ಒಪ್ಪಲಿಲ್ಲ. ಆ ಹುಡುಗಿಗೆ ಮಗು ಇಷ್ಟವಿತ್ತಾ ಎಂದು ಕೇಳಿದಳು. ಅತ್ತೆಯನ್ನು ಕೇಳಿ ಹೇಳಬೇಕಾಯಿತು: ಅಜ್ಜ ಅರವತ್ತು ದಾಟಿದ ಮೇಲೂ ಊಟಕ್ಕೆ ಕೂತಾಗ ಪುಟ್ಟಜ್ಜಿಯೇ ತುಪ್ಪ ಬಡಿಸಬೇಕಿತ್ತಂತೆ.

ಶಾಲೆಯ ಹಾಳೆಯಲ್ಲಿ ಆ ಸ್ಥಾನಕ್ಕೆ ಒಂದೇ ಚೌಕವಿತ್ತು. ಮಗಳು ಸ್ಕೇಲ್ ಇಟ್ಟು ಅದನ್ನು ನಡುವೆ ಸೀಳಿ ಎರಡು ಹೆಸರು ಬರೆದಳು. ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ, ಅವು ನಮ್ಮ ಮನೆಯೊಳಗೇ ಇರಲಿ.

ಪುಟ್ಟಜ್ಜಿಯ ತವರು ಮಾತ್ರ ಇನ್ನೂ ಸಿಕ್ಕಿಲ್ಲ. ಅಂದಿನ ಸಾಗರ ಮೈಸೂರು ಸಂಸ್ಥಾನದ್ದು, ಘಟ್ಟದ ಕೆಳಗಿನ ಹೊನ್ನಾವರ ಮುಂಬಯಿ ಪ್ರಾಂತ್ಯದ್ದು. ಹತ್ತಿರದ ಊರುಗಳಾದರೂ ಕಾಗದಪತ್ರಗಳು ಎರಡು ಸರ್ಕಾರಗಳಲ್ಲಿ ಹಂಚಿಹೋಗಿವೆ. ಹೊನ್ನಾವರ, ಕುಮಟಾ ಕಡೆಯ ಸದಸ್ಯರ ಮನೆಯಲ್ಲಿ ವಯಸ್ಸಾದ ಆಯಿ, ಅತ್ತೆಯಂದಿರು ಇದ್ದರೆ ದಯವಿಟ್ಟು ಒಂದು ಮಾತು ಕೇಳಿ: ನೂರು ವರ್ಷದ ಹಿಂದೆ, ಸಿದ್ಧಾರ್ಥಿ ಸಂವತ್ಸರದಲ್ಲಿ, ಕೈಗೂಸಿದ್ದ ಮನೆಗೆಂದು ಘಟ್ಟ ಹತ್ತಿಸಿ ಕೊಟ್ಟ ಹುಡುಗಿಯೊಬ್ಬಳ ಮಾತು ಅವರ ತವರಿನಲ್ಲಿ ಯಾರಾದರೂ ಆಡುತ್ತಿದ್ದರೇ? ಅವಳು ಎಡಗೈಯಲ್ಲಿ ರಂಗೋಲಿ ಹಾಕುತ್ತಿದ್ದಳಂತೆ.