ತೊಮೊನಾಗಾ ಅವರ ಕೊಡುಗೆ ಯಾವುದು? ಕ್ವಾಂಟಂ ಎಲೆಕ್ಟ್ರೋಡೈನಮಿಕ್ಸ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ

ನಾನು ಭೌತಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಬೆಳಕು ಮತ್ತು ಎಲೆಕ್ಟ್ರಾನುಗಳ ಪರಸ್ಪರ ವರ್ತನೆಯನ್ನು ವಿವರಿಸುವ ಕ್ವಾಂಟಂ ಎಲೆಕ್ಟ್ರೋಡೈನಮಿಕ್ಸ್‌ಗಾಗಿ ಕೊಟ್ಟ 1965ರ ನೊಬೆಲ್ ಪ್ರಶಸ್ತಿಯನ್ನು ಫೈನ್‌ಮನ್, ಶ್ವಿಂಗರ್ ಮತ್ತು ಸಿನ್-ಇಟಿರೊ ತೊಮೊನಾಗಾ ಹಂಚಿಕೊಂಡರೆಂದು ಎಲ್ಲ ಪುಸ್ತಕಗಳಲ್ಲೂ ಇದೆ. ಕಣಗಳ ವರ್ತನೆಯನ್ನು ಗೆರೆಗಳಲ್ಲಿ ತೋರಿಸುವ ಫೈನ್‌ಮನ್ನರ ಚಿತ್ರಗಳನ್ನು ತರಗತಿಯಲ್ಲಿ ದಿನವೂ ಬಿಡಿಸುತ್ತೇವೆ. ಎಲೆಕ್ಟ್ರಾನಿನ ಕಾಂತೀಯ ಮಹತ್ವಕ್ಕೆ (ಮ್ಯಾಗ್ನೆಟಿಕ್ ಮೊಮೆಂಟ್) ಶ್ವಿಂಗರ್ ಕೊಟ್ಟ 0.00116 ಎಂಬ ತಿದ್ದುಪಡಿಯನ್ನು ಲೆಕ್ಕ ಹಾಕಿಯೂ ನೋಡಿದ್ದೇವೆ. ಆದರೆ ತೊಮೊನಾಗಾ ಅವರದೆಂದು ಬೊಟ್ಟುಮಾಡಿ ತೋರಿಸುವಂಥದ್ದು ಏನೂ ಕಾಣುವುದಿಲ್ಲ. ಅವರ ‘ಸೂಪರ್ ಮೆನಿ ಟೈಮ್’ ಸಿದ್ಧಾಂತವೆಂದರೇನು? ಅದಕ್ಕೂ ಈ ಸಿದ್ಧಾಂತದ ಲೆಕ್ಕಗಳಲ್ಲಿ ಬರುತ್ತಿದ್ದ ಅನಂತಗಳನ್ನು ನಿವಾರಿಸಿದ್ದಕ್ಕೂ ಏನು ಸಂಬಂಧ? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ಕ್ವಾಂಟಂ ಸಿದ್ಧಾಂತದ ಮೂಲ ಸಮೀಕರಣದಲ್ಲಿ ಇಡೀ ಜಗತ್ತಿಗೆ ಒಂದೇ ಗಡಿಯಾರವಿರುತ್ತದೆ. ‘ಈ ಕ್ಷಣದಲ್ಲಿ ಎಲ್ಲೆಡೆಯೂ ಕ್ಷೇತ್ರದ ಸ್ಥಿತಿ ಹೀಗಿದೆ’ ಎಂದು ಹೇಳಿ ಅದು ಮುಂದುವರಿಯುತ್ತದೆ. ಆದರೆ ಎಲ್ಲರಿಗೂ ಸಮಾನವಾದ ‘ಈ ಕ್ಷಣ’ ಎಂಬುದು ಇಲ್ಲವೆಂಬುದೇ ಸಾಪೇಕ್ಷತಾ ಸಿದ್ಧಾಂತದ ಮೊದಲ ಪಾಠ. 1932ರಲ್ಲಿ ಡಿರಾಕ್ ಅವರು ಪ್ರತಿ ಎಲೆಕ್ಟ್ರಾನಿಗೂ ಅದರದೇ ಕಾಲವನ್ನು ಕೊಟ್ಟು ಈ ತೊಡಕನ್ನು ಭಾಗಶಃ ಬಿಡಿಸಿದರು. ತೊಮೊನಾಗಾ ಅದನ್ನೇ ಕೊನೆಯವರೆಗೆ ಎಳೆದು, ಸ್ಥಳಾವಕಾಶದ ಪ್ರತಿಯೊಂದು ಬಿಂದುವಿಗೂ ಪ್ರತ್ಯೇಕ ಕಾಲವನ್ನು ಕೊಟ್ಟರು. ಹೆಸರಿನ ಮುಂದೆ ‘ಸೂಪರ್’ ಬಂದದ್ದು ಹೀಗೆ.

ಇದನ್ನು ಹಾಸಿದ ಚಾದರದಂತೆ ಊಹಿಸಿಕೊಳ್ಳಬಹುದು. ಚಾದರವೆಂದರೆ ದೇಶ-ಕಾಲದಲ್ಲಿ ಹರಡಿದ ಒಂದು ಮೇಲ್ಮೈ; ಅದರ ಯಾವ ಎರಡು ಬಿಂದುಗಳ ನಡುವೆಯೂ ಬೆಳಕು ಸಂದೇಶ ಒಯ್ಯಲಾರದು. ಅಡಿಯಿಂದ ಒಂದು ಬೆರಳಿನಲ್ಲಿ ಅದನ್ನು ಒಂದೆಡೆ ತುಸು ಎತ್ತಿದರೆ, ಅಲ್ಲಿ ಮಾತ್ರ ಕಾಲ ಮುಂದೆ ಸರಿಯುತ್ತದೆ. ಆಗ ಕ್ವಾಂಟಂ ಸ್ಥಿತಿ ಎಷ್ಟು ಬದಲಾಗುತ್ತದೆ ಎಂಬುದೇ ತೊಮೊನಾಗಾ ಅವರ ಸಮೀಕರಣ. ಎರಡು ಕಡೆ ಎತ್ತುವುದಾದರೆ ಯಾವುದನ್ನು ಮೊದಲು ಎತ್ತಿದರೂ ಫಲ ಒಂದೇ ಆಗಿರಬೇಕು. ಬೆಳಕು ತಲುಪಲಾಗದಷ್ಟು ದೂರದ ಬಿಂದುಗಳಾದ್ದರಿಂದ ಹಾಗೆಯೇ ಆಗುತ್ತದೆ. ಇದನ್ನು ಅವರು 1943ರಲ್ಲಿ ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷ್ ರೂಪವು 1946ರಲ್ಲಿ, ಜಪಾನಿನ ಭೌತವಿಜ್ಞಾನಿ ಯುಕಾವಾ ಅವರು ಆಗಷ್ಟೇ ಆರಂಭಿಸಿದ್ದ ‘ಪ್ರೋಗ್ರೆಸ್ ಆಫ್ ಥಿಯರೆಟಿಕಲ್ ಫಿಸಿಕ್ಸ್’ ಪತ್ರಿಕೆಯಲ್ಲಿ ಬಂತು. ಶ್ವಿಂಗರ್ ಅದೇ ಸಮೀಕರಣವನ್ನು ಸ್ವತಂತ್ರವಾಗಿ ಕಂಡುಕೊಂಡದ್ದು ಅನಂತರ. ಆದ್ದರಿಂದಲೇ ಅದಕ್ಕೆ ಇಂದು ತೊಮೊನಾಗಾ–ಶ್ವಿಂಗರ್ ಸಮೀಕರಣವೆಂಬ ಹೆಸರಿದೆ. ಹಾಗಾಗಿ ಬೊಟ್ಟುಮಾಡಿ ತೋರಿಸಲು ಏನೂ ಇಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಚಾದರದ ಹೋಲಿಕೆಯಿಂದ ಸಮೀಕರಣ ಅರ್ಥವಾಯಿತು. ಆದರೆ ಇದು ಬರವಣಿಗೆಯ ರೂಪವನ್ನು ಚೊಕ್ಕಟಗೊಳಿಸಿದಂತೆ ಮಾತ್ರ ಕಾಣುತ್ತದೆ. ಲೆಕ್ಕದಲ್ಲಿ ಬರುವ ಅನಂತ ಇದರಿಂದ ಹೇಗೆ ಹೋಗುತ್ತದೆ?

ಎರಡನೆಯ ಉತ್ತರ

ತಮ್ಮ ಅನುಮಾನ ಸರಿಯಾಗಿದೆ. 1943ರ ಲೇಖನದಿಂದ ಯಾವ ಅನಂತವೂ ಹೋಗಲಿಲ್ಲ. ಎಲೆಕ್ಟ್ರಾನ್ ತನ್ನದೇ ಕ್ಷೇತ್ರದೊಡನೆ ವರ್ತಿಸುವುದರಿಂದ ಅದರ ದ್ರವ್ಯರಾಶಿಗೆ ಅನಂತ ಮೊತ್ತವೊಂದು ಸೇರಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ನಾವು ಅಳೆಯುವುದು ಒಟ್ಟು ದ್ರವ್ಯರಾಶಿಯನ್ನೇ ಆದ್ದರಿಂದ, ಆ ಒಟ್ಟಿನ ಜಾಗದಲ್ಲಿ ಅಳೆದ ಬೆಲೆಯನ್ನು ಇಡಬಹುದು. ಹೇಳುವುದು ಸುಲಭ, ಆದರೆ ಅನಂತದಿಂದ ಅನಂತವನ್ನು ಕಳೆದರೆ ಉಳಿಯುವುದು ಕಳೆಯುವ ಬಗೆಯನ್ನು ಅವಲಂಬಿಸಿ ಏನು ಬೇಕಾದರೂ ಆಗಬಹುದು. ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ಸಾಪೇಕ್ಷತೆಯ ರೂಪ ಕೆಡದೆ ಇದ್ದರೆ ಮಾತ್ರ, ಯಾವ ಪದವು ದ್ರವ್ಯರಾಶಿಗೆ ಸೇರಿದ್ದು, ಯಾವುದು ವಿದ್ಯುದಂಶಕ್ಕೆ ಸೇರಿದ್ದು ಎಂದು ಗುರುತಿಸಿ ಬೇರ್ಪಡಿಸಬಹುದು. 1943ರ ಸಮೀಕರಣ ಉಪಯೋಗಕ್ಕೆ ಬಂದದ್ದು ಇಲ್ಲಿ.

ನನ್ನ ದೃಷ್ಟಿಯಲ್ಲಿ ಅತ್ಯಂತ ಸ್ವಾರಸ್ಯದ ಭಾಗ ಡ್ಯಾಂಕಾಫ್ ಪ್ರಕರಣ. 1939ರಲ್ಲಿ ಅಮೆರಿಕದ ಡ್ಯಾಂಕಾಫ್ ಅವರು ಎಲೆಕ್ಟ್ರಾನಿನ ಚದರಿಕೆಗೆ (ಬಡಿದು ದಿಕ್ಕು ಬದಲಿಸುವುದಕ್ಕೆ) ತಿದ್ದುಪಡಿಯನ್ನು ಲೆಕ್ಕ ಹಾಕಿ, ಅನಂತವು ಉಳಿದೇ ಉಳಿಯುತ್ತದೆ ಎಂದಿದ್ದರು. ಎರಡನೆಯ ಮಹಾಯುದ್ಧದ ನಂತರ ಜಪಾನಿನ ಭೌತವಿಜ್ಞಾನಿ ಸಕಾಟಾ ಅವರು ಎಲೆಕ್ಟ್ರಾನನ್ನು ಹಿಡಿದಿಡುವ ಹೊಸ ಕ್ಷೇತ್ರವೊಂದನ್ನು ಸೂಚಿಸಿದಾಗ, ಅದರಿಂದ ಈ ಅನಂತವೂ ಹೋಗುವುದೇ ಎಂದು ಪರೀಕ್ಷಿಸಲು ತೊಮೊನಾಗಾ ಮತ್ತು ಅವರ ಗುಂಪಿನ ಕೋಬಾ ಲೆಕ್ಕವನ್ನು ಮತ್ತೆ ಮಾಡಿದರು. ಕೊನೆಗೆ ತಿಳಿದದ್ದೇನೆಂದರೆ, ಡ್ಯಾಂಕಾಫ್ ಅವರ ಲೆಕ್ಕದಲ್ಲಿ ಕೆಲವು ಪದಗಳು ಬಿಟ್ಟುಹೋಗಿದ್ದವು. ಅವನ್ನು ಸೇರಿಸಿದರೆ ಉಳಿದ ಅನಂತಗಳು ದ್ರವ್ಯರಾಶಿ ಮತ್ತು ವಿದ್ಯುದಂಶಗಳೊಳಗೇ ಅಡಗುತ್ತವೆ. ಹೊಸ ಕ್ಷೇತ್ರದ ಹಂಗೇ ಬೇಕಿಲ್ಲ. ಎಂಟು ವರ್ಷ ಭೌತವಿಜ್ಞಾನಿಗಳನ್ನು ತಡೆದು ನಿಲ್ಲಿಸಿದ ಗೋಡೆ ಒಂದು ಕೈತಪ್ಪಿನದ್ದಾಗಿತ್ತು!

ಮೂರನೆಯ ಉತ್ತರ

ಮೇಲಿನವರು ಪ್ರಯೋಗದ ಕಡೆಯನ್ನು ಬಿಟ್ಟಿದ್ದಾರೆ. ಹೈಡ್ರೋಜನ್ನಿನ ಎರಡು ಶಕ್ತಿಮಟ್ಟಗಳು ಡಿರಾಕ್ ಸಿದ್ಧಾಂತದಂತೆ ಸಮನಾಗಿರಬೇಕಿತ್ತು. 1947ರಲ್ಲಿ ಲ್ಯಾಂಬ್ ಮತ್ತು ರೆದರ್‌ಫೋರ್ಡ್ ಅವುಗಳ ನಡುವೆ ಸುಮಾರು 1000 ಮೆಗಾಹರ್ಟ್ಸ್ ಅಂತರವನ್ನು ಕಂಡರು. ಈ ಸುದ್ದಿ ಟೋಕಿಯೋಗೆ ಮೊದಲು ತಲುಪಿದ್ದು ಯಾವುದೇ ಸಂಶೋಧನ ಪತ್ರಿಕೆಯಿಂದಲ್ಲ, ಅಮೆರಿಕದ ವಾರಪತ್ರಿಕೆಯೊಂದರ ವಿಜ್ಞಾನ ಅಂಕಣದಿಂದ. ಲೆಕ್ಕದ ಹತ್ಯಾರು ಸಿದ್ಧವಾಗಿದ್ದುದರಿಂದ ತೊಮೊನಾಗಾ ಅವರ ಗುಂಪು ಕೂಡಲೇ ಆ ಅಂತರದ ಲೆಕ್ಕಕ್ಕೆ ಕೈಹಾಕಿತು. ಆ ಪ್ರಯೋಗ ನಿಂತದ್ದು ಯುದ್ಧಕಾಲದ ರೇಡಾರ್ ಸೂಕ್ಷ್ಮತರಂಗ ತಂತ್ರದ ಮೇಲೆ. ಯುದ್ಧದ ಇನ್ನೊಂದು ಬದಿಯಲ್ಲಿ ಅದೇ ತಂತ್ರದಲ್ಲಿ ಸೂಕ್ಷ್ಮತರಂಗಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಬಗ್ಗೆ ತೊಮೊನಾಗಾ ಅವರೂ ದುಡಿದಿದ್ದರು.

ಅವರು ಏಕಾಂಗಿಯಾಗಿ, ಶೂನ್ಯದಿಂದ ಎಲ್ಲವನ್ನೂ ಕಟ್ಟಿದರು ಎಂದು ಬಣ್ಣಿಸುವುದುಂಟು. ನನಗದು ಅತಿಯೆನಿಸುತ್ತದೆ. ಅವರ ಗುರು ನಿಶಿನಾ ಅವರು ಕೋಪನ್‌ಹೇಗನ್ನಿನಲ್ಲಿ ಬೋರ್ ಅವರ ಬಳಿ ವರ್ಷಗಟ್ಟಲೆ ಇದ್ದು ಬಂದವರು. ತೊಮೊನಾಗಾ ಸ್ವತಃ 1937ರಿಂದ 1939ರವರೆಗೆ ಲೈಪ್‌ಜಿಗ್‌ನಲ್ಲಿ ಹೈಸನ್‌ಬರ್ಗ್ ಅವರೊಡನೆ ಕೆಲಸ ಮಾಡಿದ್ದರು. ಯುದ್ಧವು ಕಡಿದದ್ದು ಪತ್ರಿಕೆಗಳ ಸಂಪರ್ಕವನ್ನು.

ಆ ಸಂಪರ್ಕ ಮತ್ತೆ ಕೂಡಿದ್ದು 1948ರ ವಸಂತದಲ್ಲಿ. ತೊಮೊನಾಗಾ ತಮ್ಮ ಗುಂಪಿನ ಕೆಲಸವನ್ನು ಪತ್ರದಲ್ಲಿ ಅಮೆರಿಕದ ಭೌತವಿಜ್ಞಾನಿ ಓಪನ್‌ಹೈಮರ್ ಅವರಿಗೆ ತಿಳಿಸಿದರು. ಸಾರಾಂಶ ಬರೆದು ಕಳುಹಿಸಿ ಎಂದು ಓಪನ್‌ಹೈಮರ್ ತಂತಿ ಕೊಟ್ಟರು. ಆ ಸಾರಾಂಶ ಅದೇ ವರ್ಷ ‘ಫಿಸಿಕಲ್ ರಿವ್ಯೂ’ನಲ್ಲಿ ಅಚ್ಚಾಯಿತು. ಮೂವರ ದಾರಿಗಳೂ ಒಂದೇ ಉತ್ತರಕ್ಕೆ ಹೋಗುತ್ತವೆಂದು ತೋರಿಸಿದ ಡೈಸನ್ ಅವರ 1949ರ ಲೇಖನದ ಶೀರ್ಷಿಕೆಯನ್ನು ಒಮ್ಮೆ ಗಮನಿಸಿ: ಅದರಲ್ಲಿ ಮೊದಲು ಬರುವ ಹೆಸರು ತೊಮೊನಾಗಾ ಅವರದು, ಆಮೇಲೆ ಶ್ವಿಂಗರ್, ಕೊನೆಗೆ ಫೈನ್‌ಮನ್.