ಸಹಾಯ ಬೇಕು: ಐಸಿಯು ರೋಗಿಯ ತೊಡೆಗೆ ಕರೆಂಟ್ ಸ್ಟಿಮ್ಯುಲೇಷನ್ ಕೊಟ್ರೂ ಸ್ನಾಯು ಬಿಗಿಯಾಗ್ತಿಲ್ಲ

ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡೋ ಸ್ಥಿತಿ) ರೋಗಿ, ವೆಂಟಿಲೇಟರ್ ಮೇಲೆ ಆರನೇ ದಿನ. ಸ್ನಾಯು ಕರಗಬಾರದು ಅಂತ ಎರಡೂ ತೊಡೆಯ ಮುಂಭಾಗದ ಸ್ನಾಯುವಾದ ಕ್ವಾಡ್ರಿಸೆಪ್ಸ್‌ಗೆ ದಿನಾ 55 ನಿಮಿಷ ಸ್ಟಿಮ್ಯುಲೇಷನ್: 45 ಹರ್ಟ್ಸ್, 400 ಮೈಕ್ರೋಸೆಕೆಂಡ್ ಪಲ್ಸ್, 12 ಸೆಕೆಂಡ್ ಆನ್, 6 ಆಫ್. ಮೊದಲು 40 ಮಿಲಿಆಂಪ್‌ಗೇ ಮಂಡಿಚಿಪ್ಪು ಮೇಲಕ್ಕೆ ಎಳೀತಿತ್ತು. ಈಗ ಕಾಲು ಊದಿದೆ, ನಾರ್‌ಅಡ್ರಿನಲಿನ್ (ಬಿಪಿ ಏರಿಸೋ ಔಷಧಿ) ಓಡ್ತಿದೆ. 80ಕ್ಕೆ ಏರಿಸಿದ್ರೂ ಬರೀ ಅದುರು. ಸ್ನಾಯು ಸಡಿಲಿಸೋ ಔಷಧಿ ಕೊಟ್ಟಿಲ್ಲ, ಅದನ್ನ ಮೊದಲೇ ನೋಡಿದ್ದಾಯ್ತು.

ಕೂದಲು ಟ್ರಿಮ್ ಮಾಡಿ, ಚರ್ಮ ಒರೆಸಿ, ಹೊಸ ಪ್ಯಾಡ್ ಹಾಕಿ, ಮೋಟಾರ್ ಪಾಯಿಂಟ್ (ಕಮ್ಮಿ ಕರೆಂಟಿಗೇ ಸ್ನಾಯು ಬಿಗಿಯಾಗೋ ಜಾಗ) ಕೂಡ ಮತ್ತೆ ಹುಡುಕಿ ಆಯ್ತು. ಇನ್ನೂ ಏರಿಸೋಕೆ ಭಯ: ಸೆಡೇಷನ್‌ನಲ್ಲಿರೋರು (ಔಷಧಿಯಿಂದ ಮಂಪರಲ್ಲಿರೋರು) ಚರ್ಮ ಸುಟ್ರೂ ಉರಿ ಅಂತ ಹೇಳಲ್ಲ.

ಊತದಿಂದ ಕರೆಂಟ್ ನರಕ್ಕೆ ತಲುಪ್ತಿಲ್ವೋ, ಇಲ್ಲಾ ಮಯೋಪಥಿ (ಸ್ನಾಯುವಿನದೇ ಕಾಯಿಲೆ) ಶುರುವಾಗಿ ಸ್ನಾಯುವೇ ಸ್ಪಂದಿಸ್ತಿಲ್ವೋ, ಬೆಡ್ ಪಕ್ಕದಲ್ಲೇ ಹೇಗೆ ಗುರುತಿಸ್ತೀರಿ? ಪಲ್ಸ್ 500ಕ್ಕೆ ಅಗಲಿಸಿ ನೋಡೋದಾ, ಊತ ಇಳಿಯೋವರೆಗೆ ನಿಲ್ಸೋದಾ?